ಅರ್ಧ ಲೀಟರ್ ಚಿಮಿಣಿ ಎಣ್ಣೆ

ಎಲ್ಲದಕ್ಕೂ ಕಾರಣ ಒಂದು ಲೋಟ ಚಾ.

ಬೆಳಿಗ್ಗೆ ಏಳೂವರೆಗೆ ಸಬೀಹಾ ಆ ಚಾವನ್ನು ಅತ್ತೆಯ ಮಂಚದ ಹತ್ತಿರ ತಂದಿಟ್ಟಳು. ಖತೀಜಮ್ಮ ಲೋಟವನ್ನು ಮೂಗಿನ ಬಳಿ ಒಯ್ದರು, ಮೂಸಿದರು, ಪುನಃ ಸ್ಟೂಲಿನ ಮೇಲಿಟ್ಟು ಗೋಡೆಯ ಕಡೆ ಮಗ್ಗುಲಾದರು.

"ಇದು ಗ್ಯಾಸಿನ ಚಾ" ಎಂದರು. "ನನಗೆ ಚಿಮಿಣಿ ಎಣ್ಣೆಯ ಸ್ಟವ್ವಿನ ಚಾ ಬೇಕು."

ಮೂರು ದಿನದಿಂದ ಇದೇ ಮಾತು. ಗಂಜಿ ಬೇಡ, ಅಕ್ಕಿಯ ಪತ್ತಿರಿ ಬೇಡ, ಮೊಮ್ಮಗ ನೌಫಲ್ ಸೌದಿಯಿಂದ ಕಳಿಸಿದ ಖರ್ಜೂರವೂ ಬೇಡ. ಮೊನ್ನೆ ಬಂದ ಡಾಕ್ಟರು ಕೈ ಹಿಡಿದು ನೋಡಿ, ಕಾಯಿಲೆ ಏನೂ ಇಲ್ಲ, ವಯಸ್ಸು ಅಷ್ಟೆ, ಆದರೆ ಹೊಟ್ಟೆಗೆ ಏನೂ ಹೋಗದಿದ್ದರೆ ವಾರ ದಾಟುವುದು ಕಷ್ಟ, ಏನು ಕೇಳುತ್ತಾರೋ ಅದನ್ನು ಕೊಡಿ ಎಂದು ಹೇಳಿ ಹೋಗಿದ್ದರು. ಹೇಳುವುದು ಸುಲಭ. ಅವರು ಕೇಳುತ್ತಿರುವುದು ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ.

ಇನ್ನೂ ಒಂದು ಕಷ್ಟವಿತ್ತು. ಖತೀಜಮ್ಮನ ಮಗ ಉಮ್ಮರ್ ಕಕ್ಕಿಂಜೆ ಪೇಟೆಯಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವವನು. ಚಾರ್ಮಾಡಿ ಘಾಟಿಯ ಬುಡದಿಂದ ಉಜಿರೆಯವರೆಗೆ ಯಾರ ಮನೆಯ ಬರ್ನರ್ ಹೊಗೆ ಕಾರಿದರೂ, ಯಾರ ಪೈಪು ಸೋರಿದರೂ ಅವನೇ ಬೇಕು. ಅಂಥವನ ತಾಯಿ ಗ್ಯಾಸಿನ ಚಾ ಮುಟ್ಟುವುದಿಲ್ಲ ಎಂದರೆ, ಕ್ಷೌರಿಕನ ತಂದೆ ಜಟೆ ಬಿಟ್ಟ ಹಾಗಾಯಿತು.

ಉಮ್ಮರ್ ಮೋಸವನ್ನೂ ಮಾಡಿ ನೋಡಿದ್ದ. ಮೊದಲ ದಿನ ಗ್ಯಾಸಿನಲ್ಲೇ ಚಾ ಮಾಡಿಸಿ, ಇದು ಚಿಮಿಣಿ ಎಣ್ಣೆಯದೇ ಎಂದು ಹೇಳಿ ಕೊಟ್ಟ. ಎರಡನೆಯ ದಿನ ಕರೆಂಟಿನ ಒಲೆ. ಮೂರನೆಯ ದಿನ ಹಿತ್ತಲಲ್ಲಿ ಕಟ್ಟಿಗೆ ಉರಿಸಿ ಮಾಡಿದ ಚಾ. ಖತೀಜಮ್ಮನಿಗೆ ಕಣ್ಣು ಮಂಜಾಗಿತ್ತು, ಕಿವಿ ಮಂದವಾಗಿತ್ತು, ಒಂದೊಂದು ದಿನ ಸೊಸೆಯ ಹೆಸರೂ ಮರೆತುಹೋಗುತ್ತಿತ್ತು. ಆದರೂ ಮೂರು ಲೋಟಗಳನ್ನೂ ಮೂಸಿ, ಮೂರನ್ನೂ ಹಿಂದೆ ಕಳಿಸಿದರು.

ಕೊನೆಗೆ ಉಮ್ಮರ್ ಅಟ್ಟ ಹತ್ತಿ, ಒಡೆದ ಕೊಡಗಳ ಹಿಂದೆ ಬಿದ್ದಿದ್ದ ಹಳೆಯ ಬತ್ತಿ ಸ್ಟವ್ ಇಳಿಸಿದ. ತುಕ್ಕು ಉಜ್ಜಿದ. ಹಳೆಯ ಬನಿಯನ್ ಹರಿದು ಹತ್ತು ಬತ್ತಿ ಹೊಸೆದು ಹಾಕಿದ. ಈಗ ಎಣ್ಣೆಯೊಂದು ಬೇಕಿತ್ತು. ಒಂದು ಖಾಲಿ ನೀರಿನ ಬಾಟಲಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ತೊಳೆದ ಬಿಳಿ ಅಂಗಿ ತೊಟ್ಟು, ಅವನು ಮನೆಯಿಂದ ಹೊರಟ.

ರೇಷನ್ ಅಂಗಡಿಯ ಕಮಲಾಕ್ಷ ಆಗಷ್ಟೇ ಬಾಗಿಲು ತೆಗೆದು, ಹೆಬ್ಬೆಟ್ಟಿನ ಯಂತ್ರಕ್ಕೆ ನೆಟ್‌ವರ್ಕ್ ಸಿಗಲೆಂದು ಅದನ್ನು ಎತ್ತಿ ಹಿಡಿದುಕೊಂಡು ನಿಂತಿದ್ದ.

"ಕಮಲಾಕ್ಷಣ್ಣ, ಅರ್ಧ ಲೀಟರ್ ಚಿಮಿಣಿ ಎಣ್ಣೆ ಉಂಟಾ?"

ಕಮಲಾಕ್ಷ ಯಂತ್ರವನ್ನು ಕೆಳಗಿಟ್ಟ. "ಅದು ಬರುವುದು ನಿಂತು ಎಷ್ಟು ವರ್ಷ ಆಯ್ತು ಮಾರಾಯ್ರೆ. ಅದೂ ನಿಮಗೆ ಎಂತಕ್ಕೆ? ನೀವು ಗ್ಯಾಸಿನವರಲ್ಲವಾ?"

ಉಮ್ಮರ್ ಹೇಳಲೆಂದು ಬಾಯಿ ತೆರೆದ. ಆದರೆ ಮೂರು ದಿನದಿಂದ ಅವನಿಗೊಂದು ತೊಂದರೆ ಶುರುವಾಗಿತ್ತು. ತಾಯಿಯನ್ನು ಕರೆಯುವ 'ಉಮ್ಮ' ಎಂಬ ಶಬ್ದ ನಾಲಿಗೆಗೆ ಬರುವ ಮೊದಲೇ ಕಣ್ಣಲ್ಲಿ ನೀರು ತುಂಬುತ್ತಿತ್ತು. ಐವತ್ತಮೂರು ವರ್ಷದ ಗಂಡಸು ರೇಷನ್ ಅಂಗಡಿಯ ಮುಂದೆ ನಿಂತು ಅಳುವುದು ಚಂದವಲ್ಲ ಎಂದು ಅವನು ಆ ಶಬ್ದವನ್ನೇ ಬಿಟ್ಟು ಮಾತಾಡಿದ.

"ಒಂದು ಕೆಲಸ ಉಂಟು. ಇವತ್ತೇ ಆಗಬೇಕು. ಇನ್ನು ನನ್ನಿಂದ ನೋಡ್ಲಿಕ್ಕೆ ಆಗುವುದಿಲ್ಲ" ಎಂದ. ಅಷ್ಟರಲ್ಲೇ ಕಣ್ಣು ತುಂಬಿತು. ತಿರುಗಿ ನಡೆದುಬಿಟ್ಟ.

ಕಮಲಾಕ್ಷ ಕೆಟ್ಟವನಲ್ಲ. ಆದರೆ ಅಕ್ಕಿ ತೂಗಿ ತೂಗಿ ಅವನಿಗೆ ಎಲ್ಲವನ್ನೂ ತೂಗಿ ನೋಡುವ ಚಾಳಿಯಾಗಿತ್ತು. ಮೂರು ದಿನದಿಂದ ಮುಚ್ಚಿದ ಉಮ್ಮರನ ರಿಪೇರಿ ಅಂಗಡಿ, ಕೆಂಪಾದ ಕಣ್ಣು, ಬೆಳಿಗ್ಗೆ ಬೆಳಿಗ್ಗೆ ತೊಳೆದ ಬಿಳಿ ಅಂಗಿ, ಇನ್ನು ನೋಡಲಿಕ್ಕೆ ಆಗುವುದಿಲ್ಲ ಎಂಬ ಮಾತು, ಅದರ ಮೇಲೆ ಅರ್ಧ ಲೀಟರ್ ಚಿಮಿಣಿ ಎಣ್ಣೆ. ಐದನ್ನೂ ಒಂದೇ ತಕ್ಕಡಿಗೆ ಹಾಕಿದಾಗ ಮುಳ್ಳು ಒಂದೇ ಕಡೆ ವಾಲಿತು. ಈ ಕಾಲದಲ್ಲಿ ಅಡುಗೆಗೆ ಯಾರಿಗೆ ಬೇಕು ಚಿಮಿಣಿ ಎಣ್ಣೆ? ಆ ಮನುಷ್ಯ ಮೈಗೆ ಸುರಿದುಕೊಳ್ಳಲಿಕ್ಕೇ ಕೇಳಿದ್ದು.

ಅವನು ತಕ್ಷಣ ಎದುರಿನ ಹೋಟೆಲಿನ ಅಬ್ದುಲ್ ರವೂಫರಿಗೆ ಫೋನು ಮಾಡಿದ. ರಸ್ತೆ ದಾಟಿದ್ದರೆ ಬೇಗ ತಲುಪುತ್ತಿದ್ದ, ಆದರೆ ಗಾಬರಿಯಲ್ಲಿ ಅದು ಹೊಳೆಯಲಿಲ್ಲ. ರವೂಫರು ಮಸೀದಿ ಕಮಿಟಿಯಲ್ಲಿ ಇದ್ದವರು, ಊರಿನ ಜಗಳಗಳನ್ನು ಚಾ ಕುಡಿಸಿ ಮುಗಿಸಿದವರು. ಅವರು ಮೂರು ತೀರ್ಮಾನ ಮಾಡಿದರು. ಒಂದು, ಉಮ್ಮರನಿಗೆ ಎಲ್ಲಿಯೂ ಎಣ್ಣೆ ಸಿಗದ ಹಾಗೆ ನೋಡಿಕೊಳ್ಳಬೇಕು. ಎರಡು, ಅವನೊಡನೆ ನಯವಾಗಿ ಮಾತಾಡಬೇಕು, ಗದರಿಸಬಾರದು. ಮೂರು, ಮನೆಯಲ್ಲಿ ಸಬೀಹಾಳಿಗೆ ತಿಳಿಸಲೇಬಾರದು, ಹೆಂಗಸು ಹೆದರಿಬಿಡುತ್ತಾಳೆ. ಸಬೀಹಾಳನ್ನು ಒಂದು ಮಾತು ಕೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಅದು ಯಾರಿಗೂ ಬೇಕಾಗಿರಲಿಲ್ಲ.

ಇದೊಂದೂ ಗೊತ್ತಿಲ್ಲದೆ ಉಮ್ಮರ್ ಅದೇ ಹೋಟೆಲಿಗೆ ಬಂದು, ಪೆಟ್ರೋಮ್ಯಾಕ್ಸ್ ಇದ್ದ ಕಾಲದ ಎಣ್ಣೆ ಏನಾದರೂ ಉಳಿದಿದೆಯೇ ಎಂದು ವಿಚಾರಿಸಿದ. ರವೂಫರು ಅವನನ್ನು ಫ್ಯಾನಿನ ಕೆಳಗೆ ಕೂರಿಸಿ, ಎರಡು ಪರೋಟ, ಮೊಟ್ಟೆಯ ಗಸಿ, ಒಂದು ಲೋಟ ಬೂಸ್ಟು ತರಿಸಿಟ್ಟರು. ಉಮ್ಮರ್ ಬೇಡವೆಂದರೂ ಕೇಳಲಿಲ್ಲ.

"ತಿನ್ನು ಉಮ್ಮರ್. ಹೊಟ್ಟೆಗೆ ಬಿದ್ದರೆ ಮನಸ್ಸಿನದು ಅರ್ಧ ಕಡಿಮೆ ಆಗ್ತದೆ. ಯಾರಿಗಿಲ್ಲ ಕಷ್ಟ ಹೇಳು. ನನಗಿಲ್ಲವಾ?"

ಮನೆಯಲ್ಲಿ ಉಮ್ಮ ಹಸಿದು ಮಲಗಿರುವಾಗ ತನ್ನ ಮುಂದೆ ಎರಡು ಪರೋಟ. ಉಮ್ಮರ್ ಒಂದು ತುಂಡು ಬಾಯಿಗಿಟ್ಟ, ನುಂಗಲಾಗದೆ ಬಿಕ್ಕಿದ. ಅದನ್ನು ನೋಡಿ ರವೂಫರ ಅನುಮಾನ ಪೂರ್ತಿ ಗಟ್ಟಿಯಾಯಿತು. ಅವರು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಆಟೋದ ಶಮೀರನಿಗೆ ಫೋನು ಮಾಡುತ್ತಿದ್ದಾಗ ಬೆಳ್ತಂಗಡಿಯ ಬಸ್ಸು ಬಂತು. ಉಮ್ಮರ್ ಪರೋಟ ಬಿಟ್ಟು ಎದ್ದು ಬಸ್ಸು ಹತ್ತಿದ.

ಗ್ಯಾಸ್ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ, ಮನೆಯ ಮೂಲೆ ಮೂಲೆಗೂ ಹೋಗಿ ಕುಳಿತಿರುತ್ತದೆ. ಸುದ್ದಿಯೂ ಹಾಗೆಯೇ ಬಸ್ಸಿಗಿಂತ ಮೊದಲು ಬೆಳ್ತಂಗಡಿ ತಲುಪಿತ್ತು. ಪೈಂಟಿನ ಅಂಗಡಿಯವನು ರವೂಫರ ಹೆಂಡತಿಯ ಕಡೆಯವನು. ಉಮ್ಮರ್ ಮೆಟ್ಟಿಲು ಹತ್ತುವಾಗಲೇ ಅವನು ಟರ್ಪೆಂಟೈನ್ ಡಬ್ಬಿಗಳ ಮೇಲೆ ಗೋಣಿ ಮುಚ್ಚಿ, ಒಂದು ತಟ್ಟೆ ಗೋಳಿಬಜೆ ತರಿಸಿಟ್ಟು ಕಾಯುತ್ತಿದ್ದ. ಬಣ್ಣದ ಬಗ್ಗೆ, ಮಳೆಯ ಬಗ್ಗೆ, ಬದುಕಿನ ಬಗ್ಗೆ ಮಾತಾಡಿದ. ಎಣ್ಣೆಯ ಮಾತು ಬಂದಾಗಲೆಲ್ಲ ತಟ್ಟೆಯನ್ನು ಮುಂದೆ ತಳ್ಳಿದ. ಮುಂದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಎಳನೀರು. ಅದರಾಚೆಯ ಗ್ಯಾರೇಜಿನಲ್ಲಿ ಬನ್ನು. ಮಧ್ಯಾಹ್ನದ ಹೊತ್ತಿಗೆ ಉಮ್ಮರನ ಹೊಟ್ಟೆ ಮದುವೆಗೆ ಹೋಗಿ ಬಂದವನ ಹಾಗೆ ಬಿಗಿದಿತ್ತು, ಬಾಟಲಿ ಖಾಲಿಯಾಗಿಯೇ ಇತ್ತು. ಜನ ಇಷ್ಟು ಒಳ್ಳೆಯವರು ಎಂದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ದಾರಿ ಕಾಣದೆ ಅವನು ಪೆಟ್ರೋಲ್ ಬಂಕಿಗೆ ಹೋದ. ಅಲ್ಲಿ ಪೈಪು ಹಿಡಿದು ನಿಂತಿದ್ದ ಹುಡುಗಿಯ ಎದೆಯ ಮೇಲಿನ ಪಟ್ಟಿಯಲ್ಲಿ ಸುರಕ್ಷಾ ಎಂದು ಬರೆದಿತ್ತು.

"ತಂಗಿ, ಚಿಮಿಣಿ ಎಣ್ಣೆ ಇಲ್ಲಿ ಸಿಗ್ತದಾ?"

"ಇಲ್ಲಿ ಪೆಟ್ರೋಲು, ಡೀಸೆಲು ಮಾತ್ರ."

"ಡೀಸೆಲು ಅರ್ಧ ಲೀಟರು ಈ ಬಾಟ್ಲಿಗೆ ಕೊಡ್ತೀಯಾ? ಬತ್ತಿಯಲ್ಲಿ ಅದು ಉರೀಬಹುದಾ ಅಂತ ನೋಡುವ."

ಸುರಕ್ಷಾ ಬಾಟಲಿಯನ್ನು ನೋಡಿದಳು, ಅವನ ಕಣ್ಣನ್ನು ನೋಡಿದಳು, ಪೈಪನ್ನು ಮೆಲ್ಲಗೆ ಅದರ ಜಾಗಕ್ಕೆ ಸಿಕ್ಕಿಸಿದಳು. ಅವಳಿಗೆ ಯಾರೂ ಫೋನು ಮಾಡಿರಲಿಲ್ಲ. ಅವಳಿಗೆ ಅದು ತಾನಾಗಿಯೇ ಹೊಳೆಯಿತು.

"ಬಾಟ್ಲಿಗೆ ಕೊಡ್ಲಿಕ್ಕಿಲ್ಲ ಅಣ್ಣ" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಿಮಗೆ ಮನೆಯಲ್ಲಿ ಯಾರು ಯಾರು ಇದ್ದಾರೆ?" ಎಂದು ಕೇಳಿದಳು.

ಉಮ್ಮರ್ ಹೇಳಲು ಹೊರಟ. ಮೊದಲು ಬರಬೇಕಾದದ್ದು ಅದೇ ಶಬ್ದವಾದ್ದರಿಂದ ತಲೆ ತಗ್ಗಿಸಿದ. ಸುರಕ್ಷಾ ತನ್ನ ಬುತ್ತಿಯ ಡಬ್ಬಿ ತಂದು, ಅದರಲ್ಲಿದ್ದ ಎರಡು ಕಡುಬಿನಲ್ಲಿ ಒಂದನ್ನು ಅವನ ಕೈಯಲ್ಲಿಟ್ಟಳು. ತನ್ನ ಅಪ್ಪ ಹೋದ ಮೇಲೆ ಅಮ್ಮ ಈಗಲೂ ಸಂಜೆ ಗೇಟಿನ ಹತ್ತಿರ ನಿಲ್ಲುತ್ತಾಳೆ ಎಂದು ಹೇಳಿದಳು. ಯಾಕೆ ಇದನ್ನು ತನಗೆ ಹೇಳುತ್ತಿದ್ದಾಳೆಂದು ಉಮ್ಮರನಿಗೆ ತಿಳಿಯಲಿಲ್ಲ. ಆದರೂ ಪಾಪವೆನಿಸಿ, ಅವಳ ತಲೆ ಮುಟ್ಟಿ, ಸ್ವಂತ ಮಗಳಿಗೆ ಹೇಳುವ ಹಾಗೆ, ಎಲ್ಲ ಸರಿಯಾಗ್ತದೆ ಮೋಳೆ ಎಂದು ಸಮಾಧಾನ ಹೇಳಿ ಬಂದ.

ಆಗ ಅವನಿಗೆ ಬಂಟ್ವಾಳದ ಪದ್ಮಯ್ಯನವರ ನೆನಪಾಯಿತು.

ಹಿಂದೆ ಬಂಟ್ವಾಳ ಪೇಟೆಯಲ್ಲಿ ಪದ್ಮಯ್ಯನವರದು ಚಿಮಿಣಿ ಎಣ್ಣೆಯ ದಾಸ್ತಾನು. ಉಮ್ಮರನ ಬಾಪ ಮಯ್ಯದ್ದಿ ಅಲ್ಲಿಂದಲೇ ಡ್ರಮ್ಮು ತುಂಬಿಸಿಕೊಂಡು, ಕೈಗಾಡಿ ತಳ್ಳಿಕೊಂಡು ಬೀದಿ ಬೀದಿ ಮಾರುತ್ತಿದ್ದವರು. ಉಮ್ಮರನಿಗೆ ಏಳು ತುಂಬುವ ಮೊದಲೇ ಬಾಪ ತೀರಿಹೋಗಿ, ಖತೀಜಮ್ಮ ಮಗನನ್ನು ಕರೆದುಕೊಂಡು ತವರೂರಾದ ಕಕ್ಕಿಂಜೆಗೆ ಬಂದಿದ್ದರು. ಪದ್ಮಯ್ಯನವರಿಗೆ ಈಗ ತೊಂಬತ್ತರ ಹತ್ತಿರ. ಮೊಬೈಲು ಇಟ್ಟುಕೊಂಡವರಲ್ಲ. ಹಾಗಾಗಿ ರವೂಫರ ಸುದ್ದಿ ಅವರಿಗೆ ಮುಟ್ಟಿರಲಿಲ್ಲ.

ಎರಡು ಬಸ್ಸು ಬದಲಿಸಿ ಉಮ್ಮರ್ ಅವರ ಜಗಲಿ ತಲುಪುವಾಗ ಮೂರು ಗಂಟೆ. ತಾನು ಮಯ್ಯದ್ದಿಯ ಮಗ ಎಂದ. ಮುದುಕರು ಕನ್ನಡಕ ಏರಿಸಿ ಅವನನ್ನು ಬಹಳ ಹೊತ್ತು ನೋಡಿದರು.

"ನಿನ್ನ ಅಮ್ಮ ಇದ್ದಾಳಾ?"

ಇನ್ನು ತಪ್ಪಿಸಿಕೊಳ್ಳಲು ಆಗಲಿಲ್ಲ. ಉಮ್ಮರ್ ಜಗಲಿಯ ಕಂಬ ಹಿಡಿದು ಕುಳಿತು, ಉಮ್ಮ ಎಂದ, ಅತ್ತ. ಅಳುತ್ತಲೇ ಸ್ಟವ್ವು, ಚಾ, ಮೂರು ದಿನ, ಡಾಕ್ಟರು ಎಲ್ಲವನ್ನೂ ಹೇಳಿದ. ಪದ್ಮಯ್ಯನವರು ಏನನ್ನೂ ತಿನ್ನಲಿಕ್ಕೆ ಕೊಡಲಿಲ್ಲ. ಕೋಲೂರಿ ಒಳಗೆ ಹೋಗಿ, ಬಾಗಿಲಿಗೆ ಗೆದ್ದಲು ಹಿಡಿಯದಂತೆ ಬಳಿಯಲೆಂದು ಇಟ್ಟುಕೊಂಡಿದ್ದ ಚಿಮಿಣಿ ಎಣ್ಣೆಯ ಡಬ್ಬಿಯನ್ನು ತಂದು, ನಡುಗುವ ಕೈಯಲ್ಲೇ ಒಂದು ಹನಿಯೂ ಚೆಲ್ಲದೆ ಬಾಟಲಿ ತುಂಬಿಸಿದರು.

"ನನ್ನ ಹತ್ರ ಇದ್ದದ್ದು ಇಷ್ಟೆ" ಎಂದರು. "ಕುಡಿಯಲಿ. ಹೋಗು, ಬೇಗ ಹೋಗು."

ಉಮ್ಮರ್ ಬಾಟಲಿಗೆ ಟವೆಲು ಸುತ್ತಿ, ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದ. ಟವೆಲು ಕಣ್ಣಿಗೆ ಮರೆಯಾಯಿತೇ ಹೊರತು ಮೂಗಿಗೆ ಆಗಲಿಲ್ಲ. ಪುಂಜಾಲಕಟ್ಟೆ ಬರುವಾಗ ಪಕ್ಕದ ಸೀಟು ಖಾಲಿ, ಗುರುವಾಯನಕೆರೆ ಬರುವಾಗ ಹಿಂದಿನದ್ದೂ ಮುಂದಿನದ್ದೂ ಖಾಲಿ. ಬೆಳ್ತಂಗಡಿಯಲ್ಲಿ ಕಂಡಕ್ಟರು ಮುಖ ನೋಡದೆ, ಇಳಿಯಿರಿ ಸಾಹೇಬ್ರೆ, ಇದನ್ನು ಹಿಡ್ಕೊಂಡು ಬಸ್ಸಲ್ಲಿ ಬರ್ಲಿಕ್ಕಿಲ್ಲ ಎಂದ.

ಇಳಿದರೆ ಎದುರಿಗೇ ಶಮೀರನ ಆಟೋ. ಬೆಳಿಗ್ಗೆಯಿಂದ ಉಮ್ಮರನನ್ನು ಹುಡುಕಿ ಸುಸ್ತಾದ ಶಮೀರ್ ಒಂದೇ ನೆಗೆತಕ್ಕೆ ಅವನನ್ನು ಒಳಗೆ ಕೂರಿಸಿದ. ಎಣ್ಣೆಯ ವಾಸನೆ ಬಡಿದದ್ದೇ ತಡ, ಜೇಬಿನಿಂದ ಲೈಟರ್ ತೆಗೆದು ಚರಂಡಿಗೆ ಎಸೆದ. ಬಾಟಲಿಗೆ ಕೈ ಹಾಕಿದರೆ ಮನುಷ್ಯ ರೇಗಬಹುದು, ಊರಿಗೆ ಕರೆತಾ ಸಾಕು ಎಂದು ರವೂಫರು ಅಪ್ಪಣೆ ಮಾಡಿದ್ದರು. ಹಾಗಾಗಿ ಅವನು ಒಂದು ಕಣ್ಣನ್ನು ರಸ್ತೆಯ ಮೇಲೂ ಒಂದು ಕಣ್ಣನ್ನು ಕನ್ನಡಿಯ ಮೇಲೂ ಇಟ್ಟು, ಹೆರಿಗೆಗೆ ಕರೆದೊಯ್ಯುವವನ ಹಾಗೆ ಆಟೋ ಓಡಿಸಿದ.

ಉಜಿರೆ ದಾಟುವಾಗ ಸೌದಿಯಿಂದ ನೌಫಲನ ಫೋನು ಬಂತು. ಅವನು ಅಲ್ಲಿ ಎಣ್ಣೆಯ ಕಂಪೆನಿಯಲ್ಲಿ ಟ್ಯಾಂಕರುಗಳಿಗೆ ಡೀಸೆಲು ತುಂಬುವವನು, ದಿನಕ್ಕೆ ಒಂದು ಕೆರೆಯಷ್ಟು. ಅವನ ಅಪ್ಪ ಇಲ್ಲಿ ಅರ್ಧ ಲೀಟರಿಗಾಗಿ ಬೆಳಿಗ್ಗೆಯಿಂದ ಮೂರು ಊರು ಅಲೆದಿದ್ದ. ರವೂಫರು ಮಗನಿಗೂ ಸುದ್ದಿ ಮುಟ್ಟಿಸಿದ್ದರು. ನೌಫಲ್ ಅಳುತ್ತಿದ್ದ.

"ಬಾಪ, ನಾನು ರಜೆ ಹಾಕಿ ಬರ್ತೇನೆ. ಅಲ್ಲಿಯವರೆಗೆ ಎಂತದೂ ಆಗಬಾರದು. ನನಗೋಸ್ಕರ."

ಮಗನಿಗೆ ಅಜ್ಜಿಯ ಸಂಗತಿ ಯಾರೋ ಹೇಳಿದ್ದಾರೆಂದು ಉಮ್ಮರ್ ತಿಳಿದ.

"ಬಾ ಮೋನೆ. ಬೇಗ ಬಾ. ಆದರೆ ನೀನು ಮುಟ್ಟುವಾಗ ಜೀವ ಇರ್ತದೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಇವತ್ತು ನನ್ನ ಕೈಯಲ್ಲಿ ಆಗುವುದನ್ನು ಮಾಡ್ತೇನೆ. ಮುಂದೆ ಅಲ್ಲಾಹು ನೋಡಿಕೊಳ್ತಾನೆ."

ಸೌದಿಯಲ್ಲಿ ಫೋನು ಕೆಳಗೆ ಬಿದ್ದ ಸದ್ದು ಕೇಳಿಸಿತು. ಶಮೀರನ ಆಟೋ ರಸ್ತೆಯಿಂದ ಅರ್ಧ ಕೆಳಗಿಳಿದು ಪುನಃ ಮೇಲೆ ಬಂತು.

ಮನೆ ಮುಟ್ಟುವಾಗ ಸೂರ್ಯ ಇಳಿಯುತ್ತಿದ್ದ. ಅಂಗಳದಲ್ಲಿ ಮೂವತ್ತು ನಲವತ್ತು ಜನ. ಒದ್ದೆ ಗೋಣಿ, ಮರಳು ತುಂಬಿದ ಬಕೆಟು, ಕೊಡ ಕೊಡ ನೀರು. ಖತೀಜಮ್ಮನನ್ನು ನೋಡಲು ಊರವರು ಬಂದಿದ್ದಾರೆಂದು ಸಬೀಹಾ ಎಲ್ಲರಿಗೂ ಶರಬತ್ತು ಕೊಟ್ಟಿದ್ದಳು. ರೋಗಿಯನ್ನು ನೋಡಲು ಬರುವವರು ಮರಳು ಯಾಕೆ ತಂದರು ಎಂದು ಕೇಳುವ ಧೈರ್ಯ ಅವಳಿಗಾಗಿರಲಿಲ್ಲ.

ಉಮ್ಮರ್ ಆಟೋದಿಂದ ಇಳಿದು ಜನರನ್ನು ಕಂಡ. ಮನೆಯ ಮುಂದೆ ಇಷ್ಟು ಜನ ಸೇರುವುದು ಯಾವಾಗ ಎಂದು ಅವನಿಗೆ ಗೊತ್ತಿತ್ತು. ಬಾಟಲಿ ಹಿಡಿದುಕೊಂಡೇ ಬಾಗಿಲಿಗೆ ಓಡಿದ. ಓಡುವುದನ್ನು ಕಂಡ ಕಮಲಾಕ್ಷ ಹಿಂದಿನಿಂದ ತಬ್ಬಿ ಹಿಡಿದ. ರವೂಫರು ಮುಂದಿನಿಂದ ಬಾಟಲಿಗೆ ಕೈ ಹಾಕಿದರು. ಶಮೀರ್ ಕಾಲು ಹಿಡಿದ. ನಾಲ್ಕು ಜನರ ಎಳೆದಾಟದಲ್ಲಿ ಮುಚ್ಚಳ ಹಾರಿತು, ಬಾಟಲಿ ಮೇಲಕ್ಕೆ ಹೋಯಿತು. ಉಮ್ಮರನ ಕೈಗೆ ಎಣ್ಣೆ ಹೋಗಬಾರದೆಂದು ಊರೆಲ್ಲ ಸೇರಿ ಬೆಳಿಗ್ಗೆಯಿಂದ ಹೆಣಗಿತ್ತು. ಅದೇ ಊರು ಈಗ ಅಷ್ಟೂ ಎಣ್ಣೆಯನ್ನು ಅವನ ತಲೆಯ ಮೇಲೆ ಸುರಿಯಿತು. ಅದರ ಮೇಲೆ ಯಾರೋ ಜಾಗ್ರತೆಗಾಗಿ ಬಕೆಟಿನ ಮರಳನ್ನೂ ಬೀಸಿದರು. ಉಮ್ಮರ್ ರವೆಯಲ್ಲಿ ಹೊರಳಿಸಿದ ಬಂಗುಡೆ ಮೀನಿನ ಹಾಗೆ ನಿಂತ.

"ಉಮ್ಮ ಹೋದರಾ?" ಎಂದು ಕೇಳಿದ.

ಯಾರಿಗೂ ಅರ್ಥವಾಗಲಿಲ್ಲ. ಬಾಗಿಲಲ್ಲಿದ್ದ ಸಬೀಹಾ, ಇಲ್ಲ, ಇದ್ದಾರೆ, ಹಾಗೇ ಮಲಗಿದ್ದಾರೆ ಎಂದಳು.

ಉಮ್ಮರ್ ಬಗ್ಗಿ ಖಾಲಿ ಬಾಟಲಿಯನ್ನು ಎತ್ತಿಕೊಂಡ. ಬೋರಲು ಹಾಕಿ ನೋಡಿದ. ಒಂದು ಹನಿ ಬಿತ್ತು.

"ಉಮ್ಮನಿಗೆ ಚಾ ಮಾಡ್ಲಿಕ್ಕೆ ತಂದದ್ದು" ಎಂದ. "ಗ್ಯಾಸಿನದ್ದು ಕುಡಿಯುವುದಿಲ್ಲ ಹೇಳ್ತಾರೆ."

ಕಮಲಾಕ್ಷ ನೆಲ ನೋಡಿದ, ರವೂಫರು ಮಸೀದಿಯ ದಿಕ್ಕಿಗೆ ನೋಡಿದರು. ಅಂಗಳದ ಮೂಲೆಯಲ್ಲಿ ಬಾಯಿಯವರೆಗೆ ಬತ್ತಿ ಏರಿಸಿಕೊಂಡು ಕುಳಿತಿದ್ದ ಸ್ಟವ್ವನ್ನು ಆಗ ಒಬ್ಬೊಬ್ಬರಾಗಿ ಎಲ್ಲರೂ ಕಂಡರು.

ಇವತ್ತೂ ಚಾ ಇಲ್ಲ ಎಂದು ತಾನೇ ಹೇಳಬೇಕು. ಉಮ್ಮರ್ ಮೈಯ ಮರಳು ಕೊಡವಿ ಒಳಗೆ ಹೋದ. ಕೋಣೆಯಲ್ಲಿ ಮಬ್ಬು ಬೆಳಕು. ಖತೀಜಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅವನು ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದನಷ್ಟೆ, ಅವರು ತಟ್ಟನೆ ಈ ಕಡೆ ಹೊರಳಿದರು. ಮೂರು ದಿನದಿಂದ ತಲೆ ಎತ್ತದಿದ್ದವರು ಮೊಣಕೈ ಊರಿ ಎದ್ದು ಕುಳಿತರು. ಜಾರಿದ್ದ ತಲೆವಸ್ತ್ರವನ್ನು ಎಳೆದು ಕೂದಲು ಮುಚ್ಚಿಕೊಂಡರು.

"ಬಂದ್ರಾ?" ಎಂದರು. "ಇವತ್ತು ಯಾಕೆ ಇಷ್ಟು ತಡ?"

ಉಮ್ಮ ತನ್ನನ್ನು ಎಂದೂ ಬಹುವಚನದಲ್ಲಿ ಕರೆದವರಲ್ಲ. ಉಮ್ಮರ್ ಹಿಂದೆ ಯಾರಾದರೂ ಬಂದರೇ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

"ಡ್ರಮ್ಮು ಪೂರ್ತಿ ಖಾಲಿಯಾಯ್ತಾ? ಬನ್ನಿ, ಕೂತುಕೊಳ್ಳಿ. ಅಂಗಿ ಎಲ್ಲ ಎಣ್ಣೆ."

ಅವನು ಕುಳಿತ. ಅವರು ಅವನ ತೋಳು ಹಿಡಿದು, ಅಂಗಿಯ ಬಳಿ ಮುಖ ತಂದು, ಉದ್ದಕ್ಕೆ ಉಸಿರೆಳೆದುಕೊಂಡರು. ಸಬೀಹಾ ಗಂಜಿಯ ಬಟ್ಟಲು ತಂದು ಗಂಡನ ಕೈಗಿಟ್ಟಳು. ಅವನು ಚಮಚ ಎತ್ತಿದ. ಖತೀಜಮ್ಮ, ನೀವು ಮೊದಲು ಎಂದರು. ಅವನು ಒಂದು ಚಮಚ ಕುಡಿದ. ಆಮೇಲೆ ಅವರು ಕುಡಿದರು. ಹೀಗೆ ಅವನಿಗೊಂದು, ಅವರಿಗೊಂದು. ಬಟ್ಟಲು ಬರಿದಾಗುವಾಗ ಅವರ ಕಣ್ಣಿಗೆ ನಿದ್ದೆ ಹತ್ತುತ್ತಿತ್ತು.

ಹೊರಗೆ ಬಂದ ಉಮ್ಮರ್, ಕುಡಿದರು ಎಂದ. ಅಂಗಳದಲ್ಲಿ ಕೆಲವರು ಕಣ್ಣೊರೆಸಿಕೊಂಡರು. ರವೂಫರು ಅವನನ್ನು ಬೆಂಕಿಯ ಕಡೆ ಸುಳಿಯಲು ಬಿಡದೆ ನೇರ ಬಚ್ಚಲಿಗೆ ಕಳಿಸಿದರು. ಅವನು ಎರಡು ಸಲ ಸಾಬೂನು ಹಚ್ಚಿ ಮಿಂದು, ಬೇರೆ ಅಂಗಿ ತೊಟ್ಟು ಬರುವಷ್ಟರಲ್ಲಿ ಕಮಲಾಕ್ಷ ಎಲ್ಲಿಗೋ ಓಡಿಹೋಗಿ ಬಂದಿದ್ದ. ಅವನ ಕೈಯಲ್ಲಿ ಐದು ಲೀಟರಿನ ಕ್ಯಾನು ಇತ್ತು, ಮುಕ್ಕಾಲು ತುಂಬಿತ್ತು.

"ಚಿಮಿಣಿ ಎಣ್ಣೆ" ಎಂದ. ಮುಖ ಎತ್ತಲಿಲ್ಲ. "ಹಳತು. ಮನೆಯ ಅಟ್ಟದಲ್ಲಿತ್ತು. ಬೆಳಿಗ್ಗೆಯೇ ಕೊಡ್ತಿದ್ದೆ ಮಾರಾಯ್ರೆ. ನಿಮ್ಮ ಮುಖ ನೋಡಿ ಹೆದರಿಕೆಯಾಯ್ತು."

ಕಮಲಾಕ್ಷನ ಮನೆ ರೇಷನ್ ಅಂಗಡಿಯ ಹಿಂದೆಯೇ. ಉಮ್ಮರ್ ಕ್ಯಾನು ತೆಗೆದುಕೊಂಡು ಸ್ಟವ್ವಿಗೆ ಎಣ್ಣೆ ಹೊಯ್ದ. ಹತ್ತೂ ಬತ್ತಿಗಳು ಒಂದಾದ ಮೇಲೊಂದು ಹೊತ್ತಿಕೊಂಡವು, ಮೊದಲು ಹಳದಿ, ಆಮೇಲೆ ನೀಲಿ. ಸಬೀಹಾ ಚಾ ಇಟ್ಟಳು. ಅಂಗಳದಲ್ಲಿದ್ದವರು ಪೂಜೆ ನೋಡುವವರ ಹಾಗೆ ಸುತ್ತ ನಿಂತು, ಅದು ಕುದಿಯುವುದನ್ನು ನೋಡಿದರು.

ಉಮ್ಮರ್ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಒಯ್ದ. ಖತೀಜಮ್ಮ ಕಣ್ಣು ತೆರೆದು ಅವನನ್ನು ಸರಿಯಾಗಿ ನೋಡಿದರು. ಈಗ ಅವರಿಗೆ ಎಲ್ಲವೂ ಸ್ಪಷ್ಟವಿದ್ದಂತೆ ಕಂಡಿತು.

"ಉಮ್ಮರ್" ಎಂದರು.

"ಹ್ಞಾಂ ಉಮ್ಮ. ಚಾ. ಚಿಮಿಣಿ ಎಣ್ಣೆಯ ಸ್ಟವ್ವಿನದ್ದೇ. ಮೂಸಿ ನೋಡಿ."

ಅವರು ಮೂಸಲಿಲ್ಲ. ಲೋಟವನ್ನು ಅವನ ಕಡೆಗೇ ಸರಿಸಿದರು.

"ನೀನು ಕುಡಿ ಮೋನೆ. ನನಗೀಗ ಬೇಡ. ಬಾಪ ಮೀಯಲಿಕ್ಕೆ ಹೋಗಿದ್ದಾರೆ. ಅವರು ಬರಲಿ."

"ಉಮ್ಮ, ಒಂದು ಗುಟುಕು."

"ಅವರು ಬರಲಿ" ಎಂದು ಖತೀಜಮ್ಮ ಬಾಗಿಲ ಕಡೆ ನೋಡತೊಡಗಿದರು.

ಚಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಅವನು ಹೊರಗೆ ಬಂದು ಲೋಟವನ್ನು ರವೂಫರ ಕೈಗೆ ಕೊಟ್ಟ. ಪಾತ್ರೆಯಲ್ಲಿ ಉಳಿದದ್ದನ್ನು ಕಮಲಾಕ್ಷನೂ ಶಮೀರನೂ ಹಂಚಿಕೊಂಡರು.

ಉಮ್ಮರ್ ಸ್ಟವ್ವನ್ನು ಆರಿಸಿದ. ಒಳಗಿನ ಗ್ಯಾಸನ್ನೂ ಆರಿಸಲು ಸಬೀಹಾಳಿಗೆ ಹೇಳಿದ. ಬಚ್ಚಲ ಹಿಂದಿನ ಕಲ್ಲಿನ ಮೇಲೆ ಬಿಸಾಕಿದ್ದ, ಎಣ್ಣೆಯಲ್ಲಿ ಒದ್ದೆಯಾದ ಅಂಗಿಯನ್ನು ಎತ್ತಿ, ಮರಳು ಉದುರಿಸಿ, ಮೈಮೇಲೆ ಹಾಕಿಕೊಂಡ. ಅದು ತಣ್ಣಗೆ ಬೆನ್ನಿಗೆ ಅಂಟಿತು. ಈ ಸಲ ಅಂಗಳದಲ್ಲಿ ಯಾರೂ ಅವನನ್ನು ತಡೆಯಲಿಲ್ಲ. ಸರಿದು ದಾರಿ ಬಿಟ್ಟರು.

ಕೋಣೆಯಲ್ಲಿ ಖತೀಜಮ್ಮ ತಲೆವಸ್ತ್ರ ಸರಿಮಾಡಿಕೊಂಡರು.

"ಬಂದ್ರಾ?"

"ಹ್ಞೂಂ" ಎಂದ ಉಮ್ಮರ್. ಬಾಪನ ದನಿ ಹೇಗಿತ್ತೆಂದು ಅವನಿಗೆ ನೆನಪಿರಲಿಲ್ಲ.

"ಈಗ ಉಮ್ಮರ್ ಚಾ ತಂದಿದ್ದ. ನಾನು ಬೇಡ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೋದ, ಪಾಪ" ಎಂದು ಖತೀಜಮ್ಮ ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು. "ನೀವೊಮ್ಮೆ ಅವನನ್ನು ಕರೆದು ಮಾತಾಡಿಸಿ."

"ಮಾತಾಡಿಸ್ತೇನೆ" ಎಂದ ಉಮ್ಮರ್.